ಮೊದಲು ಬೂಟು, ಕೊನೆಗೆ ಕೈಗವಸು: ಹಿಮದಲ್ಲೊಂದು ಫ್ರೆಂಚ್ ಪಾಠ

ಹೊರಗೆ ಮೈನಸ್ 12 ಡಿಗ್ರಿ. ಒಳಗೆ ಒಂದನೇ ಕ್ಲಾಸಿನ ಮಕ್ಕಳು ಆಟದ ಬೆಲ್ಲಿಗೆ ಕಾಯುತ್ತಾ ಕೂತಿದ್ದಾರೆ. ಬೆಲ್ ಹೊಡೆದರೆ ನಮ್ಮ ಹಾಗೆ ಒಂದೇ ನೆಗೆತಕ್ಕೆ ಅಂಗಳಕ್ಕೆ ಓಡುವಂತಿಲ್ಲ. ಮೊದಲು ದಪ್ಪನೆಯ ಹಿಮದ ಪ್ಯಾಂಟು, ಆಮೇಲೆ ಬೂಟು, ಮೇಲೊಂದು ಕೋಟು, ಕುತ್ತಿಗೆಗೆ ಮಫ್ಲರು, ತಲೆಗೆ ಉಲ್ಲನ್ ಟೋಪಿ, ಎಲ್ಲದರ ಕೊನೆಗೆ ಕೈಗವಸು. ಕೈಗವಸನ್ನು ಮೊದಲೇ ಹಾಕಿಕೊಂಡ ಮಗು ಕೋಟಿನ ಜಿಪ್ ಎಳೆಯಲಾಗದೆ ಪೆಂಗ್ವಿನ್ ತರಹ ಕೈ ಬಡಿಯುತ್ತಾ ನಿಂತುಬಿಡುತ್ತದೆ. ಟೀಚರ್ ಒಂದೊಂದೇ ಬಟ್ಟೆ ಎತ್ತಿ ತೋರಿಸುತ್ತಾ ಹೇಳುತ್ತಾರೆ: ‘ದಾಬೋರ್...’ ಅಂದರೆ ಮೊದಲು. ‘ಆಂಸ್ವೀತ್...’ ಆಮೇಲೆ. ‘ಆಂಫಾಂ!’ ಕೊನೆಗೆ. ಕೆನಡಾದ ಫ್ರೆಂಚ್ ಇಮ್ಮರ್ಶನ್ ಕ್ಲಾಸಿನಲ್ಲಿ ಚಳಿಗಾಲದ ಪಾಠ ಶುರುವಾಗುವುದು ಪುಸ್ತಕದಿಂದಲ್ಲ, ಕೋಟು ನೇತುಹಾಕುವ ಗೂಟದ ಕೆಳಗಿನಿಂದ.

ನನಗೆ ಇದೆಲ್ಲ ಗೊತ್ತಾಗಿದ್ದು ಒಟ್ಟಾವಾದಲ್ಲಿರುವ ದೊಡ್ಡಪ್ಪನ ಮಗಳಿಂದ. ಅವಳ ಆರು ವರ್ಷದ ಮಗಳಿಗೆ ಮನೆಯಲ್ಲಿ ಕನ್ನಡ, ಪಾರ್ಕಿನಲ್ಲಿ ಇಂಗ್ಲಿಷ್, ಶಾಲೆಯಲ್ಲಿ ಫ್ರೆಂಚ್. ಮನೆಯಲ್ಲಿ ಯಾರಿಗೂ ಫ್ರೆಂಚಿನ ಗಂಧಗಾಳಿ ಇಲ್ಲ. ಇಮ್ಮರ್ಶನ್ ಇರುವುದೇ ಇಂಥ ಮಕ್ಕಳಿಗಾಗಿ. ಫ್ರೆಂಚನ್ನು ಒಂದು ಸಬ್ಜೆಕ್ಟ್ ಎಂದು ವಾರಕ್ಕೆ ನಾಲ್ಕು ಪಿರಿಯಡ್ ಕಲಿಸುವುದಲ್ಲ. ಲೆಕ್ಕ, ವಿಜ್ಞಾನ, ಚಿತ್ರಕಲೆ, ಜಗಳ ಬಿಡಿಸುವುದು ಎಲ್ಲವೂ ಫ್ರೆಂಚಿನಲ್ಲೇ. ಇಂಗ್ಲಿಷ್ ಓದು-ಬರಹ ಸಾಮಾನ್ಯವಾಗಿ ಒಂದೆರಡು ವರ್ಷ ತಡವಾಗಿ ಸೇರಿಕೊಳ್ಳುತ್ತದೆ. ಅಲ್ಲಿನ ಮಕ್ಕಳು ಎಲ್ಲಕ್ಕಿಂತ ಮೊದಲು ಬಾಯಿಪಾಠ ಮಾಡುವ ವಾಕ್ಯ ‘ನಾನು ಟಾಯ್ಲೆಟ್‌ಗೆ ಹೋಗಬಹುದಾ?’ ಎಂಬುದಂತೆ. ನಮ್ಮ ‘ಮೇ ಐ ಗೋ ಟು ಟಾಯ್ಲೆಟ್ ಮಿಸ್’ ನೆನಪಾಗಿ ನಗು ಬಂತು. ಭಾಷೆ ಯಾವುದಾದರೇನು, ಅವಸರ ಒಂದೇ!

ಇದು ಶುರುವಾಗಿದ್ದು 1965ರಲ್ಲಿ, ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್ ಎಂಬ ಊರಿನಲ್ಲಿ. ಕ್ವಿಬೆಕ್ ಪ್ರಾಂತ್ಯದಲ್ಲಿ ಹೆಚ್ಚಿನವರ ಮಾತು ಫ್ರೆಂಚ್. ಆದರೂ ಅಲ್ಲಿನ ಇಂಗ್ಲಿಷ್ ಶಾಲೆಯ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಓದಿ, ಪಾಸಾಗಿ, ಪಕ್ಕದ ಮನೆಯವರೊಂದಿಗೆ ನಾಲ್ಕು ಮಾತಾಡಲು ತಡಬಡಾಯಿಸುತ್ತಿದ್ದರು. ಎಲ್ಲೋ ಕೇಳಿದ ಹಾಗಿದೆಯಲ್ಲವೇ? ಓಲ್ಗಾ ಮೆಲಿಕಾಫ್, ಮ್ಯುರಿಯಲ್ ಪಾರ್ಕ್ಸ್, ವ್ಯಾಲೆರಿ ನೀಲ್ ಎಂಬ ತಾಯಂದಿರ ಮುಂದಾಳತ್ವದಲ್ಲಿ ಪೋಷಕರು ಶಾಲಾ ಮಂಡಳಿಯ ಬೆನ್ನು ಹತ್ತಿ, ಶಿಶುವಿಹಾರದಿಂದಲೇ ಫ್ರೆಂಚಿನಲ್ಲಿ ಕಲಿಸುವ ಒಂದು ಕ್ಲಾಸು ತೆರೆಸಿದರು. ಮೆಕ್‌ಗಿಲ್ ವಿಶ್ವವಿದ್ಯಾಲಯದ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ಆ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿ, 1972ರಲ್ಲಿ ಪುಸ್ತಕ ತಂದರು. ಮಕ್ಕಳ ಇಂಗ್ಲಿಷ್ ಹಾಳಾಗಿರಲಿಲ್ಲ, ಫ್ರೆಂಚ್ ಚೆನ್ನಾಗಿ ಬಂದಿತ್ತು. ನಡುವೆ 1969ರಲ್ಲಿ ಕೆನಡಾದಲ್ಲಿ ಅಧಿಕೃತ ಭಾಷೆಗಳ ಕಾಯ್ದೆಯೂ ಬಂತು. ಎರಡೂ ಭಾಷೆ ಬಂದರೆ ಸರ್ಕಾರಿ ಕೆಲಸಕ್ಕೆ ಅನುಕೂಲ ಎಂಬ ಲೆಕ್ಕಾಚಾರ ಅಪ್ಪ-ಅಮ್ಮಂದಿರ ತಲೆಯಲ್ಲಿ ಕೂತಿತು. ಈಗ ಕೆಲವು ಊರುಗಳಲ್ಲಿ ಸೀಟಿಗೆ ಲಾಟರಿ ಎತ್ತುತ್ತಾರೆ.

ಇರಲಿ, ಚಳಿಗಾಲಕ್ಕೆ ಬರೋಣ. ಅಕ್ಕ ಕಳಿಸುವ ಫೋಟೊಗಳಲ್ಲಿ ನನಗೆ ಇಷ್ಟವಾಗಿದ್ದು ಕಿಟಕಿಗೆ ಅಂಟಿಸಿದ ಥರ್ಮಾಮೀಟರ್. ದಿನಕ್ಕೊಬ್ಬ ಮಗು ‘ಹವಾಮಾನ ತಜ್ಞ’. ‘ಇವತ್ತು ಹವಾ ಹೇಗಿದೆ?’ ಎಂದು ಟೀಚರ್ ಫ್ರೆಂಚಿನಲ್ಲಿ ಕೇಳುತ್ತಾರೆ. ‘ಇಲ್ ನೇಜ್’, ಹಿಮ ಬೀಳ್ತಿದೆ. ‘ಮ್ವಾಂ ದಿಸ್’, ಮೈನಸ್ ಹತ್ತು. ಸೊನ್ನೆಯ ಕೆಳಗೂ ಸಂಖ್ಯೆಗಳಿವೆ ಎಂದು ನಮಗೆ ಬೋರ್ಡಿನ ಮೇಲೆ ಗೆರೆ ಎಳೆದು ನಂಬಿಸಬೇಕಾಯಿತು. ಈ ಮಗುವಿಗೆ ಅದು ಕೆನ್ನೆಗೆ ತಾಗುವ ಸತ್ಯ.

ಇನ್ನೊಂದು ದಿನ ಗಾಜಿನ ಜಾಡಿ ತುಂಬ ಹಿಮ ತಂದಿಡುತ್ತಾರೆ. ಕರಗಿದ ಮೇಲೆ ನೀರು ಎಲ್ಲಿಯವರೆಗೆ ನಿಲ್ಲುತ್ತದೆ? ಪ್ರತಿಯೊಬ್ಬರೂ ‘ನನಗನ್ನಿಸುತ್ತೆ...’ ಎಂದು ಫ್ರೆಂಚಿನಲ್ಲಿ ಶುರುಮಾಡಿ ಜಾಡಿಯ ಮೇಲೆ ಗೆರೆ ಹಾಕಬೇಕು. ಬಹಳಷ್ಟು ಮಕ್ಕಳು ಮೇಲೆಯೇ ಗೆರೆ ಹಾಕುತ್ತಾರೆ. ಆಗತಾನೇ ಬಿದ್ದ ಹಿಮದಲ್ಲಿ ಗಾಳಿಯೇ ಹೆಚ್ಚು. ಹತ್ತು ಸೆಂಟಿಮೀಟರ್ ಹಿಮ ಕರಗಿದರೆ ಸಿಗುವುದು ಅಂದಾಜು ಒಂದು ಸೆಂಟಿಮೀಟರ್ ನೀರು. ತಳದಲ್ಲಿ ಕಾಣುವ ಕಸ, ಕೂದಲು ನೋಡಿ ಹಿಮ ತಿನ್ನುವ ಅಭ್ಯಾಸವೂ ಕೆಲವರಿಗೆ ಬಿಟ್ಟುಹೋಗುತ್ತದಂತೆ. ಹಿಮಕರಡಿಗೆ ಚಳಿ ಯಾಕೆ ಆಗುವುದಿಲ್ಲ ಎಂಬುದಕ್ಕೂ ಒಂದು ಪ್ರಯೋಗವಿದೆ: ನಮ್ಮ ಡಾಲ್ಡಾದಂಥ ಗಟ್ಟಿ ಕೊಬ್ಬನ್ನು ಪ್ಲಾಸ್ಟಿಕ್ ಚೀಲಗಳ ನಡುವೆ ತುಂಬಿ, ಅದರೊಳಗೆ ಒಂದು ಕೈ ಇಟ್ಟು, ಇನ್ನೊಂದು ಬರಿಗೈ, ಎರಡನ್ನೂ ಐಸ್ ನೀರಿಗೆ ಅದ್ದುವುದು. ಬರಿಗೈ ಮಗು ಕಿರುಚುತ್ತದೆ: ‘ಫ್ರುವಾ!’ ಚಳಿ! ಆ ಪದವನ್ನು ಇನ್ನು ಮರೆಯಲು ಸಾಧ್ಯವೇ? ಮೆಕ್ಯಾನಿಕಲ್ ಓದುವ ನನಗೆ ಮುಂದಿನ ಸೆಮಿಸ್ಟರಿನಲ್ಲಿ ಹೀಟ್ ಟ್ರಾನ್ಸ್‌ಫರ್ ಪೇಪರ್ ಇದೆ. ಡಾಲ್ಡಾ ಸಿಗುವ ಭರವಸೆಯಿಲ್ಲ.

ಈ ‘ಫ್ರುವಾ’ದಲ್ಲೇ ಒಂದು ತಮಾಷೆ ಅಡಗಿದೆ. ಇಂಗ್ಲಿಷಿನಲ್ಲಿ ‘ಐ ಆಮ್ ಕೋಲ್ಡ್’. ಫ್ರೆಂಚಿನಲ್ಲಿ ‘ಜೆ ಫ್ರುವಾ’, ಪದಕ್ಕೆ ಪದ ಇಟ್ಟರೆ ‘ನನ್ನಲ್ಲಿ ಚಳಿ ಇದೆ’. ಇಂಗ್ಲಿಷ್ ಮನೆಯ ಮಕ್ಕಳು ‘ನಾನೇ ಚಳಿ’ ಎನ್ನುವಂಥ ಫ್ರೆಂಚ್ ಮಾತಾಡಿ ಸಿಕ್ಕಿಬೀಳುತ್ತಾರೆ. ನಮ್ಮ ಹುಡುಗಿಗೆ ಮನೆಯಲ್ಲಿ ‘ನಂಗೆ ಚಳಿ’ ಎಂದು ಹೇಳಿ ಅಭ್ಯಾಸ. ಕನ್ನಡದಲ್ಲೂ ಮನುಷ್ಯ ಚಳಿಯಾಗುವುದಿಲ್ಲ, ಚಳಿ ಅವನಿಗೆ ಆಗುತ್ತದೆ. ಫ್ರೆಂಚ್ ಅವಳಿಗೆ ಅಷ್ಟು ವಿಚಿತ್ರ ಅನ್ನಿಸಲಿಲ್ಲವೆಂದು ಅಕ್ಕ ಹೇಳಿದಳು. ಆದರೆ ಹಿಮದ ವಿಷಯದಲ್ಲಿ ನಾವು ಬಡವರು. ಊರಲ್ಲಿ ದೊಡ್ಡಮ್ಮನ ಪಾಲಿಗೆ ಇಬ್ಬನಿಯೂ ಮಂಜು, ಕಾವಳವೂ ಮಂಜು, ಒಟ್ಟಾವಾದಲ್ಲಿ ಬೀಳುವುದೂ ಮಂಜು. ಮೊಮ್ಮಗಳೋ ವಿಡಿಯೊ ಕಾಲಿನಲ್ಲಿ ‘ನೇಜ್ ಬಿದ್ದಿದೆ ಅಜ್ಜಿ’ ಎಂದೇ ವರದಿ ಕೊಡುತ್ತಾಳೆ.

ಫೆಬ್ರುವರಿಯಲ್ಲಿ ಕಾರ್ನಿವಲ್. ಕ್ವಿಬೆಕ್ ನಗರದಲ್ಲಿ 1955ರಿಂದ ಪ್ರತಿ ವರ್ಷದ ಸಂಪ್ರದಾಯವಾಗಿರುವ ಚಳಿಗಾಲದ ಜಾತ್ರೆಯನ್ನು ಶಾಲೆಗಳು ತಮ್ಮ ಅಂಗಳಕ್ಕೇ ತಂದುಕೊಳ್ಳುತ್ತವೆ. ಜಾತ್ರೆಯ ನಾಯಕ ಬೊನೊಮ್, ಕೆಂಪು ಟೋಪಿಯ ಹಿಮಮಾನವ. ಅವನ ಸೊಂಟಪಟ್ಟಿಯನ್ನು ಮಕ್ಕಳು ಬಣ್ಣದ ಕಾಗದ ಹೆಣೆದು ಮಾಡುತ್ತಾರೆ. ಮೇಪಲ್ ಮರದ ರಸದ ಪಾಕ ಕಾಯಿಸಿ, ಹಿಮದ ಮೇಲೆ ಸುರಿದು, ಕಡ್ಡಿಗೆ ಸುತ್ತಿ ಚೀಪುವುದೂ ಇದೆ. ನಮ್ಮ ಆಲೆಮನೆಯ ಬಿಸಿ ಬೆಲ್ಲ ನೆನೆಸಿಕೊಳ್ಳಿ, ಅದೇ ಸುಖ. ಸ್ವಲ್ಪ ದೊಡ್ಡ ಮಕ್ಕಳು ರಾಕ್ ಕ್ಯಾರಿಯರ್ ಬರೆದ ‘ಹಾಕಿ ಅಂಗಿ’ಯ ಕಥೆ ಓದುತ್ತಾರೆ. ಊರಿನ ಹುಡುಗರೆಲ್ಲ ಮಾಂಟ್ರಿಯಲ್ ತಂಡದ ಅಂಗಿ ತೊಟ್ಟಿರುವಾಗ, ಒಬ್ಬನಿಗೆ ಮಾತ್ರ ಅಂಚೆಯಲ್ಲಿ ಎದುರಾಳಿ ಟೊರಾಂಟೊದ ಅಂಗಿ ಬಂದುಬಿಡುವ ಕಥೆ. ಟೊರಾಂಟೊದ ಇಂಗ್ಲಿಷ್ ಮಗು ಅದನ್ನು ಫ್ರೆಂಚಿನಲ್ಲಿ ಓದಿ ಆ ಹುಡುಗನ ಪರವಾಗಿ ಸಂಕಟಪಡುತ್ತದೆ. ಒಂದು ಭಾಷೆ ಬಂತು ಎನ್ನಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗಂತೂ ಗೊತ್ತಿಲ್ಲ.

ಎಲ್ಲ ಚೆಂದವೇ ಎಂದಲ್ಲ. ಇಮ್ಮರ್ಶನ್ ಮಕ್ಕಳು ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಗಟ್ಟಿ. ಮಾತು-ಬರಹದಲ್ಲಿ ಲಿಂಗ, ಕ್ರಿಯಾಪದದ ತಪ್ಪುಗಳು ವರ್ಷಗಳಾದರೂ ಉಳಿಯುತ್ತವೆ. ಕ್ಲಾಸಿನ ಬಾಗಿಲು ದಾಟಿದರೆ ಆಟವೆಲ್ಲ ಇಂಗ್ಲಿಷಿನಲ್ಲೇ. ಓದಲು ಕಷ್ಟಪಡುವ ಮಕ್ಕಳು ಎಷ್ಟೋ ಸಲ ಇಂಗ್ಲಿಷ್ ಕ್ಲಾಸಿಗೆ ವಾಪಸಾಗುತ್ತಾರೆ. ಫ್ರೆಂಚ್ ಟೀಚರುಗಳ ಕೊರತೆಯೂ ಇದೆ.

ಆದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ‘ವೇಗೋತ್ಕರ್ಷ’ ಎಂದರೆ ಏನೆಂದು ಚೆನ್ನಾಗಿಯೇ ಗೊತ್ತಿತ್ತು. ಪಿಯುಸಿಯ ಮೊದಲ ವಾರ ಬೋರ್ಡಿನ ಮೇಲೆ ‘ಆಕ್ಸಿಲರೇಶನ್’ ಬಂದಾಗ, ಅದು ನನ್ನ ಹಳೆಯ ಗೆಳೆಯನೇ ಎಂದು ಪರಿಚಯಿಸುವವರು ಇರಲಿಲ್ಲ. ನಮ್ಮ ಕಡೆ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ಇಳಿಸುತ್ತಾರೆ. ಒಟ್ಟಾವಾದ ಆ ಕ್ಲಾಸಿನಲ್ಲಿ ಮಗುವಿಗೆ ಕಟ್ಟಿದ ಬೆಂಡುಗಳನ್ನು ಎಣಿಸಿ: ಎತ್ತಿ ತೋರಿಸುವ ಬೂಟು, ಹಾಡು, ಚಿತ್ರ, ಹಾವಭಾವ. ಮೊದಮೊದಲು ಮಗು ಇಂಗ್ಲಿಷಿನಲ್ಲೇ ಉತ್ತರಿಸಿದರೂ ಟೀಚರ್ ಬೈಯುವುದಿಲ್ಲ, ಅದನ್ನೇ ಫ್ರೆಂಚಿನಲ್ಲಿ ತಿರುಗಿ ಹೇಳಿ ಮುಂದೆ ಹೋಗುತ್ತಾರೆ. ಅರ್ಥವಾಗದಿದ್ದರೆ ಇನ್ನೊಂದು ದಾರಿ ಹುಡುಕಬೇಕಾದದ್ದು ಹೇಳುವವರು. ನಮ್ಮಲ್ಲಿ ಅರ್ಥವಾಗದಿದ್ದರೆ ತಪ್ಪು ಕೇಳುವವನದು. ಇಬ್ಬರನ್ನೂ ನೀರಿಗೆ ಇಳಿಸಿದ್ದಾರೆ ಎಂಬುದೊಂದೇ ಸಾಮ್ಯ.

2019ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮೀಡಿಯಂ ವಿಭಾಗಗಳು ಶುರುವಾದವು. ಅಲ್ಲಿಗೆ ಹೋಗುವ ಮಕ್ಕಳ ಬೆನ್ನ ಮೇಲೆ ಬೆಂಡು ಇದೆಯೇ ಎಂದು ನೋಡುವ ಕುತೂಹಲ ನನಗಿದೆ. ಕನ್ನಡವೋ ಇಂಗ್ಲಿಷೋ ಎಂಬ ಜಗಳದಲ್ಲಿ ಈ ಪ್ರಶ್ನೆ ಕೇಳಿಸುವುದೇ ಇಲ್ಲ.

ಅಕ್ಕ ಮೊನ್ನೆ ಮಗಳ ಹೊಸ ಬರಹ ಕಳಿಸಿದಳು. ‘ಹಿಮಮಾನವನನ್ನು ಮಾಡುವುದು ಹೇಗೆ?’ ಮೊದಲು ದೊಡ್ಡ ಉಂಡೆ, ಆಮೇಲೆ ಚಿಕ್ಕದು, ಕೊನೆಗೆ ಕ್ಯಾರೆಟ್ ಮೂಗು. ಮೂರೇ ಸಾಲು, ಎರಡು ಸ್ಪೆಲಿಂಗ್ ತಪ್ಪು. ಹೊರಗೆ ಹೋಗಿ ಮಾಡಿ ಬಂದು ಬರೆದದ್ದು. ಲ್ಯಾಬ್ ರೆಕಾರ್ಡಿನಲ್ಲಿ ಸೀನಿಯರ್‌ಗಳಿಂದ ಇಳಿಸಿಕೊಳ್ಳುವ ‘ಪ್ರೊಸೀಜರ್’ ಮೂಲದಲ್ಲಿ ಇದೇ ಅಲ್ಲವೇ ಅನ್ನಿಸಿತು.

ಮುಂದಿನ ವರ್ಷ ಪ್ಲೇಸ್‌ಮೆಂಟ್. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ಗೆ ಉತ್ತರ ಉರುಹೊಡೆಯುವ ಬದಲು ನಮ್ಮ ಬಾಡಿಗೆ ರೂಮಿನ ನಾಲ್ವರೂ ಒಂದು ಆಟ ಶುರುಮಾಡಿದ್ದೇವೆ. ಅಡುಗೆ ಸರದಿ ಯಾರದೋ ಅವರು ಕೆಲಸ ಮಾಡುತ್ತಲೇ ಅದನ್ನು ಇಂಗ್ಲಿಷಿನಲ್ಲಿ ವಿವರಿಸಬೇಕು. ಉಳಿದವರು ನಗುವಂತಿಲ್ಲ, ಅರ್ಥವಾಗದಿದ್ದರೆ ಕೇಳಬಹುದು. ಕಳೆದ ಭಾನುವಾರ ಉಪ್ಪಿಟ್ಟು. ರವೆ ಹುರಿಯುವವರೆಗೆ ‘ಫಸ್ಟ್’, ‘ನೆಕ್ಸ್ಟ್’ ಎಂದು ಸಲೀಸಾಗಿ ಬಂದ ಗೆಳೆಯ ಸಾಸಿವೆ ಡಬ್ಬಿ ಕೈಯಲ್ಲಿ ಹಿಡಿದು ತಡೆದ. ಒಂದು ಗಳಿಗೆ ಯೋಚಿಸಿ, ‘ದೆನ್ ವಿ ಡೂ ಒಗ್ಗರಣೆ’ ಅಂದ. ಯಾರೂ ಆಕ್ಷೇಪಿಸಲಿಲ್ಲ.