ಮೂರೇ ಬಣ್ಣ... ಎದೆಯಲ್ಲಿ ಢವಢವ!

ಪೋಸ್ಟರ್ ಅಂದಮೇಲೆ ನಾಯಕನ ಮುಖ ಬೇಡವೇ? ಬೇಡ ಅಂದ ಧೀರನೊಬ್ಬನಿದ್ದ. ಅಮೆರಿಕದ ಕಲಾವಿದ ಸಾಲ್ ಬಾಸ್!

1958ರಲ್ಲಿ ತೆರೆಕಂಡ ಹಿಚ್‌ಕಾಕ್‌ರ ‘ವರ್ಟಿಗೊ’ ಚಿತ್ರದ ನಾಯಕನಿಗೆ ಎತ್ತರವೆಂದರೆ ತಲೆಸುತ್ತು. ತಾರೆಯರು ಜೇಮ್ಸ್ ಸ್ಟೀವರ್ಟ್, ಕಿಮ್ ನೊವಾಕ್. ಬಾಸ್ ಪೋಸ್ಟರಿನಲ್ಲಿ ಇಬ್ಬರ ಮುಖವೂ ಇಲ್ಲ! ತುಂಬ ಕಿತ್ತಳೆ ಬಣ್ಣ, ನಡುವೆ ಬಿಳಿ ಸುಳಿ, ಅದರೊಳಗೆ ಗಂಡಸಿನ ಕಪ್ಪು ಆಕೃತಿ, ಹೆಣ್ಣಿನ ಬಿಳಿ ರೇಖೆ. ಅಷ್ಟೇ. ನೋಡಿದವನ ತಲೆಯೂ ಗಿರ್ರೆನ್ನುತ್ತೆ.

ಇಂದು ಈ ವಿದ್ಯೆ ಮೊಬೈಲಿಗೂ ಬಂದಿದೆ. ಅಭಿಮಾನಿಗಳೇ, ನೀವೂ ಒಂದು ಕೈ ನೋಡಿ! ಹಿನ್ನೆಲೆಗೆ ಒಂದು ಲೇಯರ್, ಆಕೃತಿಗೆ ಇನ್ನೊಂದು. ಒಂಟಿಯಾಗಿ ನಿಂತವನನ್ನು ಕಪ್ಪಗೆ ಬರೆಯಿರಿ. ಹಿಂದೆ ಕಡುನೀಲಿ ತುಂಬಿದರೆ ಆತ ವಿರಹಿ. ಅದನ್ನೇ ಕೆಂಪು ಮಾಡಿ... ಸೇಡಿಗೆ ಹೊರಟವ! ಬೂದು ಮಾಡಿ... ಎಲ್ಲ ಕಳಕೊಂಡವ. ಗೆರೆ ಒಂದೂ ಬದಲಾಗಿಲ್ಲ!

ಕೆಂಪು, ಹಸಿರು, ನೀಲಿ... ಪರದೆಯಲ್ಲಿ ಒಂದೊಂದಕ್ಕೂ 256 ಮೆಟ್ಟಿಲು. ಬೆರೆಸಿದರೆ 1.6 ಕೋಟಿಗೂ ಮಿಕ್ಕಿ ಬಣ್ಣ. ಅಪಾಯ ಇರೋದೇ ಅಲ್ಲಿ! ಸಿಕ್ಕಿದ್ದನ್ನೆಲ್ಲ ಬಳಿದವನ ಚಿತ್ರ ಬರೀ ಜಾತ್ರೆ. ಮೂರಕ್ಕೆ ಕೈ ತಡೆದವನ ಚಿತ್ರ ಮಾತಾಡುತ್ತೆ.

ನಿಮ್ಮ ಮೆಚ್ಚಿನ ಚಿತ್ರವನ್ನು ನೆನೆಯಿರಿ. ನಾಯಕನ ಮುಖ ಬಿಟ್ಟು, ಅದರ ಬಣ್ಣ ಯಾವುದು... ಹೇಳಿ ನೋಡೋಣ!