ಪಾತ್ರೆಯರಿತು ಪಾಕ

ಅಪಾತ್ರದಾನ ಸಲ್ಲದೆಂಬುದು ಹಿರಿಯರ ವಿವೇಕ. ‘ಪಾತ್ರ’ ಎಂಬ ಸಂಸ್ಕೃತ ಶಬ್ದಕ್ಕೆ ಯೋಗ್ಯನಾದ ಸ್ವೀಕರ್ತ ಎಂಬ ಅರ್ಥವಿರುವಂತೆ ಅಡುಗೆಯ ಭಾಂಡವೆಂಬ ಅರ್ಥವೂ ಇದೆ. ಯಾವುದೇ ವಸ್ತುವು ಅದನ್ನು ಸ್ವೀಕರಿಸುವವರ ಸ್ವಭಾವಕ್ಕನುಗುಣವಾಗಿಯೇ ಸ್ವೀಕೃತವಾಗುತ್ತದೆಂದು ಮಧ್ಯಯುಗದ ತತ್ತ್ವಜ್ಞಾನಿಗಳು ಹೇಳುತ್ತಿದ್ದರು. ಈ ಮಾತು ಅಡುಗೆಮನೆಗೂ ಸಲ್ಲುತ್ತದೆ. ಮೀನು, ಮಸಾಲೆ, ಬೆಂಕಿ ಒಂದೇ ಆಗಿದ್ದರೂ ಪಾತ್ರೆ ಬದಲಾದರೆ ರುಚಿ ಬದಲಾಗುತ್ತದೆ. ಕೆಲವೊಮ್ಮೆ ಉಣ್ಣುವವರ ಆರೋಗ್ಯವೂ ಕೆಡುತ್ತದೆ.

ಆದುದರಿಂದ ಪಾತ್ರೆಯನ್ನು ಆರಿಸುವ ಮುನ್ನ ಮೂರು ವಿಷಯಗಳನ್ನು ವಿಚಾರಿಸಬೇಕು: ಅದು ಶಾಖವನ್ನು ಎಷ್ಟು ಬೇಗ ಹರಡುತ್ತದೆ, ಎಷ್ಟು ಹೊತ್ತು ಹಿಡಿದಿಡುತ್ತದೆ, ಹುಳಿಯೊಡನೆ ಹೇಗೆ ವರ್ತಿಸುತ್ತದೆ.

ಕರಾವಳಿಯ ಮೀನಿನ ಸಾರಿಗೆ ಮಣ್ಣಿನ ಮಡಕೆಯೇ ಶ್ರೇಷ್ಠವೆನ್ನುವುದು ಕೇವಲ ಅಭಿಮಾನದ ಮಾತಲ್ಲ. ಮಣ್ಣು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಮೃದುವಾದ ಮೀನು ಒಡೆಯದೆ ಬೇಯುತ್ತದೆ. ಹುಣಸೆ, ಬಿಂಬುಳಿಗಳ ಹುಳಿ ಅದಕ್ಕೆ ತಾಗದು. ಒಲೆಯಿಂದ ಇಳಿಸಿದ ಮೇಲೂ ಕುದಿ ಮುಂದುವರಿಯುವುದರಿಂದ ತುಸು ಮೊದಲೇ ಇಳಿಸಬೇಕು. ಮಣ್ಣು ವಾಸನೆಯನ್ನು ಹೀರಿಕೊಳ್ಳುವ ಕಾರಣ ಮೀನಿಗೆ ಬೇರೆಯೇ ಮಡಕೆಯಿರಲಿ. ಬಿಸಿ ಮಡಕೆಗೆ ತಣ್ಣೀರು ಸುರಿದರೆ ಅದು ಸೀಳುತ್ತದೆ.

ದೋಸೆಗೆ ದಪ್ಪನೆಯ ಕಬ್ಬಿಣದ ಕಾವಲಿ ಒಪ್ಪುತ್ತದೆ. ತಣ್ಣನೆಯ ಹಿಟ್ಟು ಬಿದ್ದರೂ ಅದರ ಕಾವು ಕುಗ್ಗುವುದಿಲ್ಲ. ಎಣ್ಣೆಯಿಂದ ಪಳಗಿದ ಮೈಗೆ ಹಿಟ್ಟು ಅಂಟುವುದಿಲ್ಲ. ಆದರೆ ಕಬ್ಬಿಣದಲ್ಲಿ ಹುಳಿಸಾರು ಕುದಿಸಿದರೆ ಬಣ್ಣ ಕಪ್ಪಾಗಿ ಲೋಹದ ರುಚಿ ಸೇರುತ್ತದೆ.

ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ನೀರು ಕಾಯಿಸಲು, ಸಾನ್ನಾಂ ಬೇಯಿಸುವ ಹಬೆಪಾತ್ರೆಗೆ ಅದು ಸಾಕು. ಆದರೆ ವಿನೆಗರ್ ಬೆರೆತ ಹಂದಿಮಾಂಸದ ಇಂದಾದ್‌ಗೆ ಅದು ತಕ್ಕುದಲ್ಲ. ಹುಳಿಗೆ ಲೋಹ ಕರಗುತ್ತದೆ. ಸ್ಟೀಲು ಹುಳಿಗೆ ಜಗ್ಗದು, ಆದರೆ ಶಾಖವನ್ನು ಸಮನಾಗಿ ಹರಡದು. ತೆಳ್ಳನೆಯ ಸ್ಟೀಲಿನಲ್ಲಿ ಪಾಯಸ ಬೇಗನೆ ತಳ ಹಿಡಿಯುತ್ತದೆ. ಆದುದರಿಂದ ದಪ್ಪ ತಳದ ಸ್ಟೀಲನ್ನೇ ಕೊಳ್ಳಬೇಕು.

ಹಬ್ಬದ, ಮದುವೆಯ ಅಡುಗೆಗೆ ತಾಮ್ರ, ಹಿತ್ತಾಳೆಯ ದೊಡ್ಡ ಪಾತ್ರೆಗಳನ್ನು ಅಟ್ಟದಿಂದ ಇಳಿಸುವ ಮನೆಗಳವರು ಒಳಗಿನ ಕಲಾಯಿಯನ್ನು ಪರೀಕ್ಷಿಸಲೇಬೇಕು. ಕಲಾಯಿ ಸವೆದಲ್ಲಿ ಹುಳಿಯು ತಾಮ್ರವನ್ನು ಕರಗಿಸುತ್ತದೆ. ವಾಂತಿ, ಹೊಟ್ಟೆನೋವುಗಳು ಅದರ ಫಲ. ಕಲಾಯಿಯ ತವರವು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಬರಿದಾದ ಪಾತ್ರೆಯನ್ನು ಬೆಂಕಿಯ ಮೇಲಿಡಬಾರದು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಹುಳಿಯುಳ್ಳ ಚಟ್ನಿ, ಸಾಂಬಾರುಗಳನ್ನು ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿಯಿಲ್ಲದ ಹಿತ್ತಾಳೆ ಹಾಗೂ ತಾಮ್ರದ ಪಾತ್ರೆಗಳಲ್ಲಿ ಇಡುವುದು ಸುರಕ್ಷಿತವಲ್ಲ. ನಾನ್‌ಸ್ಟಿಕ್ ಬಾಣಲೆಯನ್ನು 170 ಡಿಗ್ರಿಗಿಂತ ಹೆಚ್ಚು ಕಾಯಿಸುವುದು ಅಪಾಯಕರವೆಂದೂ ಅದು ಎಚ್ಚರಿಸಿದೆ.

ಬೇಳೆ, ಕಡಲೆಗಳಿಗೆ ಪ್ರೆಶರ್ ಕುಕ್ಕರ್ ಉಪಕಾರಿ. ಒಳಗಿನ ಒತ್ತಡದಿಂದ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುವುದರಿಂದ ಸಮಯವೂ ಇಂಧನವೂ ಉಳಿಯುತ್ತವೆ. ಆದರೆ ಕಾಳಿಗೆ ಹಿತವಾದ ಈ ಕಾವು ಮೀನಿಗೆ ಹಿತವಲ್ಲ.

ಹೊಸದಾಗಿ ಸಂಸಾರ ಹೂಡುವವರಿಗೆ ಹತ್ತಾರು ಪಾತ್ರೆಗಳ ಸಾಲು ಅನಗತ್ಯ. ಒಂದು ಮಡಕೆ, ಒಂದು ಕಾವಲಿ, ದಪ್ಪ ತಳದ ಒಂದೆರಡು ಸ್ಟೀಲ್ ಪಾತ್ರೆ, ಒಂದು ಕುಕ್ಕರ್ ಇದ್ದರೆ ದಿನನಿತ್ಯದ ಅಡುಗೆ ಸಾಗುತ್ತದೆ. ಉಳಿದ ಹುಳಿಪದಾರ್ಥವನ್ನು ರಾತ್ರಿ ಸ್ಟೀಲಿಗೋ ಗಾಜಿಗೋ ವರ್ಗಾಯಿಸುವ ಅಭ್ಯಾಸವಿರಲಿ. ಉಡುಗೊರೆ ಕೊಡುವ ಬಂಧುಗಳೂ ಹೊಳಪನ್ನು ನೋಡದೆ ಪಾತ್ರೆಯ ತಳದ ದಪ್ಪವನ್ನು ನೋಡಿ ಕೊಳ್ಳುವುದು ಲೇಸು.