ಮನೆಯ ಕೊಳಾಯಿ ವ್ಯವಸ್ಥೆಯ ದೋಷಗಳು

ಮನೆಯ ಕೊಳಾಯಿ ವ್ಯವಸ್ಥೆಯ ದೋಷಗಳು ಎಂದರೆ ಮನೆಗೆ ನೀರನ್ನು ತರುವ ಕೊಳವೆ, ಅದನ್ನು ಸಂಗ್ರಹಿಸುವ ತೊಟ್ಟಿ, ನಲ್ಲಿ ಹಾಗೂ ಬಳಸಿದ ನೀರನ್ನು ಹೊರಗೆ ಸಾಗಿಸುವ ಕೊಳವೆಗಳಲ್ಲಿ ಉಂಟಾಗುವ ಸೋರಿಕೆ, ತಡೆ, ಒತ್ತಡದ ಕೊರತೆ, ದುರ್ವಾಸನೆ ಮೊದಲಾದ ತೊಂದರೆಗಳು. ಇವುಗಳಲ್ಲಿ ಬಹುಪಾಲಿಗೆ ಸವೆದ ವಾಷರ್, ಸಿಕ್ಕಿಕೊಂಡ ತೇಲುಬುರುಡೆ, ಒಣಗಿದ ಟ್ರ್ಯಾಪ್‌ನಂತಹ ಅಲ್ಪಬೆಲೆಯ ಭಾಗಗಳೇ ಕಾರಣ. ಮನೆಯವರೇ ಅವನ್ನು ಗುರುತಿಸಿ ಸರಿಪಡಿಸಬಹುದು. ಕುಡಿಯುವ ನೀರಿನ ಕೊಳವೆಯ ಸೋರಿಕೆ ಮಾತ್ರ ಬೇರೆ ಬಗೆಯದು. ಅದರಿಂದ ನೀರು ಪೋಲಾಗುವುದರ ಜೊತೆಗೆ ಮನೆಯವರ ಆರೋಗ್ಯವೂ ಕೆಡಬಹುದು.

ಕೊಳಾಯಿ ಕೆಲಸಗಾರನಿಗೆ ಬಳಕೆಯಲ್ಲಿರುವ ‘ಪ್ಲಂಬರ್’ ಎಂಬ ಪದವು ಸೀಸ ಎಂಬ ಅರ್ಥದ ‘ಪ್ಲಂಬಮ್’ ಎಂಬ ಲ್ಯಾಟಿನ್ ಪದದಿಂದ ಬಂದುದು. ಪ್ರಾಚೀನ ರೋಮಿನಲ್ಲಿ ನೀರಿನ ಕೊಳವೆಗಳನ್ನು ಸೀಸದಿಂದ ಮಾಡುತ್ತಿದ್ದರು.

ವ್ಯವಸ್ಥೆಯ ಸ್ವರೂಪ

ಕರ್ನಾಟಕದ ನಗರಗಳ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಜಾಲಗಳಿರುತ್ತವೆ. ಬೀದಿಯ ಕೊಳವೆಯಿಂದ ಮೀಟರ್ ಮೂಲಕ ಬಂದ ನೀರು ನೆಲದಡಿಯ ಸಂಪಿಗೆ ಬೀಳುತ್ತದೆ. ಅಲ್ಲಿಂದ ಮೋಟಾರು ಅದನ್ನು ಮಾಳಿಗೆಯ ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಟ್ಯಾಂಕಿನಿಂದ ಅಡಿಗೆಮನೆ, ಸ್ನಾನದ ಮನೆ, ಶೌಚಾಲಯಗಳಿಗೆ ಇಳಿಯುತ್ತದೆ. ಇದು ಒಂದು ಜಾಲ. ಕುಡಿಯುವ ನೀರಿಗೆಂದು ಒಂದೋ ಎರಡೋ ನಲ್ಲಿಗಳನ್ನು ಬೀದಿಯ ಕೊಳವೆಗೇ ನೇರವಾಗಿ ಜೋಡಿಸಿರುವುದು ಇನ್ನೊಂದು. ಯಾವ ನಲ್ಲಿ ಯಾವ ಜಾಲಕ್ಕೆ ಸೇರಿದೆ ಎಂಬುದನ್ನು ತಿಳಿದಿದ್ದರೆ ಅರ್ಧ ರೋಗನಿದಾನ ಮುಗಿದಂತೆ. ಟ್ಯಾಂಕಿನ ನೀರಿನ ನಲ್ಲಿಗಳೆಲ್ಲ ನಿಂತುಹೋಗಿ ನೇರ ನಲ್ಲಿ ಮಾತ್ರ ಬರುತ್ತಿದ್ದರೆ ದೋಷವು ಸಂಪು, ಮೋಟಾರು, ಟ್ಯಾಂಕು ಅಥವಾ ಅಲ್ಲಿಂದ ಇಳಿಯುವ ಕೊಳವೆಯಲ್ಲಿದೆ ಎಂದು ತಿಳಿಯಬೇಕು.

ಯಾವ ದುರಸ್ತಿಗೂ ಮೊದಲು ನೀರನ್ನು ನಿಲ್ಲಿಸಬೇಕು. ಟ್ಯಾಂಕಿನ ಬುಡದಲ್ಲಿ ಒಂದು ಗೇಟ್ ವಾಲ್ವ್, ಮೀಟರಿನ ಬಳಿ ಒಂದು ವಾಲ್ವ್ ಇರುತ್ತವೆ. ಕೊಳವೆ ಒಡೆದು ನೀರು ಚಿಮ್ಮುವಾಗ ಇವನ್ನು ಹುಡುಕುತ್ತ ಓಡಾಡುವ ಮನೆಗಳೇ ಹೆಚ್ಚು. ವರ್ಷಗಟ್ಟಲೆ ತಿರುಗಿಸದ ವಾಲ್ವ್ ಕಚ್ಚಿಕೊಂಡುಬಿಡುತ್ತದೆ. ಆದುದರಿಂದ ಎರಡು ಮೂರು ತಿಂಗಳಿಗೊಮ್ಮೆ ಅದನ್ನು ಪೂರ್ಣವಾಗಿ ಮುಚ್ಚಿ ತೆರೆಯುವುದೂ, ಅದರ ಸ್ಥಾನವನ್ನು ಮನೆಯ ಮಕ್ಕಳಿಗೂ ತೋರಿಸಿಕೊಡುವುದೂ ಒಳ್ಳೆಯದು.

ತೊಟ್ಟಿಕ್ಕುವ ನಲ್ಲಿ

ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ನೋಡಬೇಕು. ಮುಚ್ಚಿದ ನಲ್ಲಿಯ ಮೂತಿಯಿಂದ ತೊಟ್ಟಿಕ್ಕಿದರೆ ಒಳಗಿನ ವಾಷರ್ ಸವೆದಿದೆ. ತೆರೆದಾಗ ಹಿಡಿಯ ಬುಡದಿಂದ ಒಸರಿದರೆ ಸ್ಪಿಂಡಲ್ ಸುತ್ತಲಿನ ಪ್ಯಾಕಿಂಗ್ ಸಡಿಲಗೊಂಡಿದೆ. ಎರಡನೆಯದಕ್ಕೆ ಹಿಡಿಯ ಕೆಳಗಿನ ನಟ್ಟನ್ನು ಸ್ಪ್ಯಾನರಿನಿಂದ ಕಾಲು ಸುತ್ತು ಬಿಗಿಗೊಳಿಸಿದರೆ ಹಲವು ವೇಳೆ ಸಾಕಾಗುತ್ತದೆ.

ವಾಷರ್ ಬದಲಾಯಿಸಲು ವಾಲ್ವ್ ಮುಚ್ಚಿ, ನಲ್ಲಿಯನ್ನು ತೆರೆದು ಉಳಿದ ನೀರನ್ನು ಹರಿಯಬಿಟ್ಟು, ಮೇಲಿನ ಭಾಗವನ್ನು ಬಿಚ್ಚಬೇಕು. ಹಳೆಯ ವಾಷರನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತರುವುದು ಲೇಸು. ಹೊಸ ವಾಷರ್ ಹಾಕಿದ ಮೇಲೂ ತೊಟ್ಟಿಕ್ಕಿದರೆ ಅದು ಕೂರುವ ಲೋಹದ ಅಂಚು ತಗ್ಗುಬಿದ್ದಿದೆಯೆಂದು ಅರ್ಥ. ಆಗ ನಲ್ಲಿಯನ್ನೇ ಬದಲಾಯಿಸಬೇಕಾಗುತ್ತದೆ. ನಲ್ಲಿಯನ್ನು ಬಲವಂತದಿಂದ ಬಿಗಿಯಾಗಿ ತಿರುಗಿಸುವ ಅಭ್ಯಾಸದಿಂದಲೇ ವಾಷರು ಬೇಗ ಹಾಳಾಗುತ್ತದೆ. ಕಾಲು ಸುತ್ತಿಗೇ ತೆರೆಯುವ ಹೊಸ ಮಾದರಿಯ ನಲ್ಲಿಗಳಲ್ಲಿ ವಾಷರಿನ ಬದಲು ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತದೆ. ಅದನ್ನು ಇಡಿಯಾಗಿ ಬದಲಾಯಿಸುತ್ತಾರೆ. ತಿರುಪಿನ ಜೋಡಣೆಗಳಿಗೆ ಹಿಂದೆ ಸೆಣಬಿನ ನಾರು ಸುತ್ತುತ್ತಿದ್ದರು, ಈಗ ಟೆಫ್ಲಾನ್ ಟೇಪು ಬಳಕೆಯಲ್ಲಿದೆ. ಟೇಪನ್ನು ತಿರುಪು ತಿರುಗುವ ದಿಕ್ಕಿನಲ್ಲಿಯೇ ಸುತ್ತಬೇಕು. ವಿರುದ್ಧವಾಗಿ ಸುತ್ತಿದರೆ ಬಿಗಿಗೊಳಿಸುವಾಗ ಅದು ಬಿಚ್ಚಿಕೊಳ್ಳುತ್ತದೆ.

ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿಗಳಾಗುತ್ತವೆ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 4.3 ಲೀಟರ್, ತಿಂಗಳಿಗೆ 130 ಲೀಟರ್. ಒಳಚರಂಡಿಯುಳ್ಳ ನಗರಗಳಲ್ಲಿ ಒಬ್ಬ ವ್ಯಕ್ತಿಗೆ ದಿನವೊಂದಕ್ಕೆ ಬೇಕೆಂದು ಭಾರತದ ಯೋಜನಾ ಮಾನದಂಡವು ಇಟ್ಟುಕೊಂಡಿರುವ ಪ್ರಮಾಣ 135 ಲೀಟರ್. ಈ ಲೆಕ್ಕವನ್ನು ಮಕ್ಕಳಿಂದಲೇ ಲೋಟ ಹಿಡಿಸಿ ಮಾಡಿಸಬಹುದು.

ಟ್ಯಾಂಕು, ಸಂಪು ಮತ್ತು ಫ್ಲಶ್

ತೊಟ್ಟಿ ತುಂಬಿದಾಗ ನೀರನ್ನು ತಾನಾಗಿ ನಿಲ್ಲಿಸುವ ಸಾಧನವೇ ಬಾಲ್ ವಾಲ್ವ್. ತೇಲುವ ಬುರುಡೆಯು ನೀರಿನೊಡನೆ ಮೇಲೇರಿ ಸರಳಿನ ಮೂಲಕ ವಾಲ್ವನ್ನು ಒತ್ತಿ ಮುಚ್ಚುತ್ತದೆ. ಬುರುಡೆಗೆ ತೂತು ಬಿದ್ದು ಒಳಗೆ ನೀರು ತುಂಬಿದರೆ, ಇಲ್ಲವೇ ಸರಳು ಗೋಡೆಗೆ ತಾಗಿ ಸಿಕ್ಕಿಕೊಂಡರೆ ತೊಟ್ಟಿ ಉಕ್ಕಿ ಹರಿಯುತ್ತದೆ. ಬುರುಡೆಯನ್ನು ಬಿಚ್ಚಿ ಕಿವಿಯ ಬಳಿ ಅಲುಗಿಸಿದರೆ ಒಳಗಿನ ನೀರಿನ ಸದ್ದು ಕೇಳಿಸುತ್ತದೆ.

ಶೌಚಾಲಯದ ಫ್ಲಶ್ ಟ್ಯಾಂಕಿನ ಸೋರಿಕೆ ಸದ್ದಿಲ್ಲದೆ ನಡೆಯುವುದರಿಂದ ಗಮನಕ್ಕೆ ಬರುವುದಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಸ್ವಲ್ಪ ಟ್ಯಾಂಕಿಗೆ ಬೆರೆಸಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಬೇಕು. ಕೆಳಗಿನ ಕುಂಡದಲ್ಲಿ ನೀಲಿ ಬಣ್ಣ ಕಂಡರೆ ತಳದ ರಬ್ಬರ್ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ. ಸಂಪಿನ ಬಿರುಕನ್ನು ಕಂಡುಹಿಡಿಯುವುದು ಇನ್ನೂ ಸುಲಭ: ರಾತ್ರಿ ಒಳಬರುವ ನೀರನ್ನು ನಿಲ್ಲಿಸಿ, ಮೋಟಾರು ಹಾಕದೆ, ನೀರಿನ ಮಟ್ಟಕ್ಕೆ ಗುರುತು ಮಾಡಿ ಬೆಳಿಗ್ಗೆ ನೋಡಬೇಕು.

ಒತ್ತಡ ಕಡಿಮೆಯಾಗುವುದು

ನೀರಿನ ಒತ್ತಡವು ಎತ್ತರದಿಂದ ಬರುತ್ತದೆ. 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ ಒದಗುತ್ತದೆ. ಟ್ಯಾಂಕಿನ ಅಡಿಯಲ್ಲೇ ಇರುವ ಮೇಲಂತಸ್ತಿನ ಷವರ್‌ನಲ್ಲಿ ನೀರು ಸಣ್ಣಗೆ ಬೀಳುವುದು ಆದುದರಿಂದ ದೋಷವಲ್ಲ, ಭೌತನಿಯಮ. ಟ್ಯಾಂಕನ್ನು ಎತ್ತರಿಸದೆ ಅಥವಾ ಒತ್ತಡದ ಪಂಪು ಹಾಕದೆ ಅದು ಸರಿಹೋಗದು. ಮೊದಲು ಚೆನ್ನಾಗಿ ಬರುತ್ತಿದ್ದ ನೀರು ಕಡಿಮೆಯಾದರೆ ಕಾರಣ ಹುಡುಕಬೇಕು.

ಟ್ಯಾಂಕು ಪೂರ್ತಿ ಬರಿದಾಗಿ ಮತ್ತೆ ತುಂಬಿದ ಮೇಲೆ ನೀರು ಬಾರದಿದ್ದರೆ ಕೊಳವೆಯಲ್ಲಿ ಗಾಳಿ ಸೇರಿಕೊಂಡಿದೆ; ಇದನ್ನು ಏರ್ ಲಾಕ್ ಎನ್ನುತ್ತಾರೆ. ಅತ್ಯಂತ ಕೆಳಗಿನ ನಲ್ಲಿಗಳನ್ನು ಪೂರ್ತಿ ತೆರೆದಿಟ್ಟರೆ ಗಾಳಿಯು ಬುಸುಗುಟ್ಟುತ್ತ ಹೊರಬೀಳುತ್ತದೆ. ಟ್ಯಾಂಕಿನಿಂದ ಹೊರಡುವ ಕೊಳವೆಗೆ ಬಾಯಿ ತೆರೆದ ಒಂದು ನೆಟ್ಟನೆಯ ಗಾಳಿಕೊಳವೆಯನ್ನು ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಜೋಡಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಮೋಟಾರು ತಿರುಗುತ್ತಿದ್ದೂ ನೀರು ಏರದಿದ್ದರೆ ಸಂಪಿನೊಳಗಿನ ಫುಟ್ ವಾಲ್ವ್ ಸೋರಿ ಪಂಪು ಒಣಗಿದೆ. ಕೂಡಲೇ ಮೋಟಾರನ್ನು ನಿಲ್ಲಿಸಿ ಪಂಪಿಗೆ ನೀರು ತುಂಬಬೇಕು. ಒಣಗಿ ತಿರುಗಿದರೆ ಅದರ ಸೀಲು ಸುಟ್ಟುಹೋಗುತ್ತದೆ.

ಕೊಳವೆಬಾವಿಯ ನೀರನ್ನು ಬಳಸುವ ಮನೆಗಳಲ್ಲಿ ಗಡಸುತನವೇ ಮುಖ್ಯ ಶತ್ರು. ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ಇಂತಹ ನೀರಿನ ಸುಣ್ಣದಂಶವು ಷವರಿನ ರಂಧ್ರಗಳಲ್ಲಿಯೂ ನಲ್ಲಿಯ ಮೂತಿಯ ಜಾಲರಿಯಲ್ಲಿಯೂ ಕಲ್ಲಿನಂತೆ ಕಟ್ಟುತ್ತದೆ. ಅವನ್ನು ಬಿಚ್ಚಿ ವಿನೆಗರ್ ಅಥವಾ ನಿಂಬೆರಸದಲ್ಲಿ ಕೆಲವು ಗಂಟೆ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಬಿಡುತ್ತದೆ.

ಕುಡಿಯುವ ನೀರಿಗೆ ಕೊಳಕು ಸೇರುವುದು

ಕೊಳವೆಯಲ್ಲಿ ನೀರು ಒತ್ತಡದಿಂದ ತುಂಬಿರುವಾಗ ಸಣ್ಣ ತೂತಿನ ಮೂಲಕ ನೀರು ಹೊರಗೆ ಹೋಗುತ್ತದೆಯೇ ಹೊರತು ಹೊರಗಿನದು ಒಳಗೆ ಬಾರದು. ನೀರು ನಿಂತು ಕೊಳವೆ ಖಾಲಿಯಾದಾಗ ಪರಿಸ್ಥಿತಿ ತಲೆಕೆಳಗಾಗುತ್ತದೆ: ಸುತ್ತಲಿನ ಮಣ್ಣಿನ ತೇವ, ಪಕ್ಕದ ಚರಂಡಿಯಿಂದ ಜಿನುಗಿದ ಕೊಳಚೆ ಅದೇ ತೂತಿನಿಂದ ಒಳಸೇರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಅಥವಾ ಇನ್ನೂ ಅಪರೂಪಕ್ಕೆ ನೀರು ಬರುವ ಊರುಗಳಲ್ಲಿ ಈ ಅಪಾಯ ಹೆಚ್ಚು. ಹುಬ್ಬಳ್ಳಿ-ಧಾರವಾಡದಲ್ಲಿ ಸತತ ಪೂರೈಕೆಯ ಬಡಾವಣೆಗಳನ್ನೂ ಬಿಟ್ಟುಬಿಟ್ಟು ನೀರು ಬರುವ ಬಡಾವಣೆಗಳನ್ನೂ ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎರಡನೆಯ ಬಗೆಯ ಬಡಾವಣೆಗಳ ನಲ್ಲಿನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಹೆಚ್ಚಾಗಿ ಕಂಡುಬಂದುದನ್ನು ದಾಖಲಿಸಿದೆ.

ಆದುದರಿಂದ ಅಂಗಳದಲ್ಲಿ ಸದಾ ಒದ್ದೆಯಾಗಿರುವ ಜಾಗವನ್ನು ‘ಹೇಗೂ ಗಿಡಕ್ಕೆ ನೀರಾಯಿತು’ ಎಂದು ಬಿಡಬಾರದು. ನೀರು ಬರುವ ಹೊತ್ತಿನಲ್ಲಿ ನೇರ ನಲ್ಲಿಗಳನ್ನೂ ಸಂಪಿಗೆ ಬೀಳುವ ವಾಲ್ವನ್ನೂ ಮುಚ್ಚಿ ಮೀಟರನ್ನು ಗಮನಿಸಬೇಕು. ಮುಳ್ಳು ಆಗಲೂ ತಿರುಗುತ್ತಿದ್ದರೆ ಮೀಟರಿನಿಂದ ಮನೆಯವರೆಗಿನ ಕೊಳವೆಯಲ್ಲಿ ಸೋರಿಕೆಯಿದೆ. ಬೀದಿಯ ಕೊಳವೆಗೆ ನೇರವಾಗಿ ಮೋಟಾರು ಜೋಡಿಸಿ ನೀರೆಳೆಯುವ ಪದ್ಧತಿ ಕೆಲವೆಡೆ ಇದೆ. ನಿಯಮದ ಪ್ರಕಾರ ಅದು ತಪ್ಪು. ಅದಕ್ಕಿಂತ ಮುಖ್ಯವಾಗಿ, ಆ ಸೆಳೆತವು ನೆರೆಹೊರೆಯ ಎಲ್ಲರ ಕೊಳವೆಗೂ ಕೊಳಚೆಯನ್ನು ಎಳೆದುತರಬಲ್ಲದು. ಬಹಳ ಹೊತ್ತಿನ ಬಳಿಕ ಬಂದ ನೀರಿನಲ್ಲಿ ಮೊದಲ ಕೆಲವು ನಿಮಿಷದ್ದನ್ನು ಕುಡಿಯಲು ಹಿಡಿಯದೆ ನೆಲ ತೊಳೆಯಲು ಬಳಸುವುದು ವಿವೇಕ. ನೀರಿಗೆ ವಾಸನೆಯೋ ಬಣ್ಣವೋ ಬಂದರೆ ಸ್ಥಳೀಯ ನೀರು ಸರಬರಾಜು ಕಚೇರಿಗೆ ತಿಳಿಸಿ, ಸರಿಹೋಗುವವರೆಗೆ ಚೆನ್ನಾಗಿ ಕುದಿಸಿ ಆರಿಸಿ ಕುಡಿಯಬೇಕು. ಕಬ್ಬಿಣದ ಹಳೆಯ ಕೊಳವೆಗಳಿಂದ ಬರುವ ಕಂದು ಬಣ್ಣ ಬಹುತೇಕ ತುಕ್ಕು. ಚರಂಡಿಯ ವಾಸನೆ ಹಾಗಲ್ಲ. ಅದನ್ನು ಒಂದು ದಿನವೂ ಅಲಕ್ಷಿಸಬಾರದು.

ದುರ್ವಾಸನೆ ಮತ್ತು ಕಟ್ಟಿಕೊಂಡ ಕೊಳವೆ

ಸಿಂಕಿನ ಕೆಳಗಿನ ಕೊಳವೆ ಬಾಗಿ ಮೇಲೆದ್ದಿರುವುದು ಅಂದಕ್ಕಾಗಿ ಅಲ್ಲ. ಆ ಬಾಗಿನಲ್ಲಿ ನಿಂತ ನೀರು ಚರಂಡಿಯ ಅನಿಲವನ್ನೂ ಜಿರಳೆಗಳನ್ನೂ ತಡೆಯುತ್ತದೆ. ಇದಕ್ಕೆ ಟ್ರ್ಯಾಪ್ ಎಂದು ಹೆಸರು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕನು ಲಂಡನ್ನಿನಲ್ಲಿ ಇಂತಹ ಬಾಗು ಕೊಳವೆಯುಳ್ಳ ಶೌಚಕುಂಡಕ್ಕೆ ಪೇಟೆಂಟ್ ಪಡೆದನು. ಬಚ್ಚಲಿನ ನೆಲದಲ್ಲಿರುವ ನಹನಿ ಟ್ರ್ಯಾಪ್ ಕೂಡ ಇದೇ ತತ್ವದ್ದು. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದಾಗ ಮನೆಯೆಲ್ಲ ನಾರುತ್ತಿದ್ದರೆ ಈ ನೀರು ಆವಿಯಾಗಿದೆಯೆಂದು ತಿಳಿದು ಒಂದು ಚೊಂಬು ನೀರು ಸುರಿದರೆ ಸಾಕು, ಫಿನಾಯಿಲ್ ಬೇಕಿಲ್ಲ.

ಅಡಿಗೆಮನೆಯ ಕೊಳವೆ ಕಟ್ಟುವುದು ಜಿಡ್ಡಿನಿಂದ, ಸ್ನಾನದ ಮನೆಯದು ಕೂದಲಿನಿಂದ. ಮೊದಲು ರಬ್ಬರ್ ಪಂಪಿನಿಂದ ಒತ್ತಿ ಎಳೆದು ನೋಡಿ, ಆಗದಿದ್ದರೆ ಕೆಳಗೆ ಬಕೆಟ್ ಇಟ್ಟು ಟ್ರ್ಯಾಪಿನ ತಿರುಪನ್ನು ಬಿಚ್ಚಿ ಕೈಯಿಂದ ತೆಗೆಯಬೇಕು. ಪುಡಿ ಅಥವಾ ದ್ರವರೂಪದ ರಾಸಾಯನಿಕಗಳು ಕೊನೆಯ ಉಪಾಯ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಎರಡನ್ನೂ ಒಂದೇ ಕಡೆ ಎಂದೂ ಹಾಕಬಾರದು. ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿ ಮುಚ್ಚಿದ ಸಣ್ಣ ಶೌಚಾಲಯದಲ್ಲಿ ಅದು ಪ್ರಾಣಕ್ಕೇ ಎರವಾಗಬಲ್ಲದು.

ಮನೆಯ ಎಲ್ಲ ಬಚ್ಚಲುಗಳೂ ಒಮ್ಮೆಗೇ ಕಟ್ಟಿದರೆ ತಡೆ ಇರುವುದು ಹೊರಗಿನ ಚೇಂಬರಿನಲ್ಲಿ ಅಥವಾ ಬೀದಿಯ ಒಳಚರಂಡಿಯಲ್ಲಿ. ಅದು ಮನೆಯವರ ಕೆಲಸವಲ್ಲ. ಸಂಬಂಧಪಟ್ಟ ಕಚೇರಿಗೆ ದೂರು ಕೊಟ್ಟು ಯಂತ್ರದಿಂದ ತೆಗೆಸಬೇಕು. ಹೆಚ್ಚು ಹಣ ಕೊಡುತ್ತೇವೆಂದು ಕೂಲಿಯವರನ್ನು ಮ್ಯಾನ್‌ಹೋಲಿಗೋ ಶೌಚಗುಂಡಿಗೋ ಇಳಿಸುವುದು ಇನ್ನೂ ನಿಂತಿಲ್ಲ. ಅಲ್ಲಿ ಸಂಗ್ರಹವಾಗುವ ಹೈಡ್ರೋಜನ್ ಸಲ್ಫೈಡ್ ಅನಿಲವು ಕೆಲವೇ ಉಸಿರಿನಲ್ಲಿ ಮನುಷ್ಯನನ್ನು ಕೆಡವುತ್ತದೆ; ಅವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯಿದೆಯು ಒಳಚರಂಡಿ ಮತ್ತು ಶೌಚಗುಂಡಿಗಳ ಅಪಾಯಕಾರಿ ಶುಚಿಗೊಳಿಸುವಿಕೆಗೆ ಜನರನ್ನು ನೇಮಿಸುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿದೆ. ಇದು ಸಂಸ್ಥೆಗಳಿಗೆ ಅನ್ವಯಿಸುವಂತೆ ಮನೆಯ ಯಜಮಾನನಿಗೂ ಅನ್ವಯಿಸುತ್ತದೆ.